ಹನ್ನೊಂದು ಸಾಲಿನ ಸುದ್ದಿ ಮತ್ತು 'ಯಾರೂ ತೋರಿಸಲಿಲ್ಲ' ಅನ್ನುವ ಮಾತು

(ಪತ್ರಿಕೋದ್ಯಮ ಓದುವವರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಿರುವವರು ಒಟ್ಟಿಗೆ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮ ಫೋನ್ ತೆಗೆಯಿರಿ ಅಂತ ಹೇಳಿ ಶುರು ಮಾಡೋಣ ಅಂದುಕೊಂಡಿದ್ದೆ. ಹಿಂದಿನ ಸಾಲಿನವರು ಆಗಲೇ ತೆಗೆದಿದ್ದೀರಿ. ಒಳ್ಳೆಯದೇ ಆಯಿತು.

ಕೆಎಎಸ್, ಪಿಎಸ್‌ಐ, ರೈಲ್ವೆ ಅಂತ ನಿಮ್ಮ ನಿಮ್ಮ ವಾಟ್ಸಾಪ್ ಗ್ರೂಪ್‌ಗಳು ಇರುತ್ತವಲ್ಲ, ಅವುಗಳಲ್ಲಿ 'ಮೀಡಿಯಾ' ಅಂತ ಒಂದು ಪದ ಹಾಕಿ ಹುಡುಕಿ. ಹೆಚ್ಚು ಕಡಿಮೆ ಇಂಥ ಒಂದು ಮೆಸೇಜ್ ಸಿಕ್ಕೇ ಸಿಗುತ್ತದೆ: 'ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದಿದ್ದಾರೆ. ಒಂದೇ ಒಂದು ಚಾನೆಲ್ ತೋರಿಸಲಿಲ್ಲ. ಮಾರಿಕೊಂಡ ಮೀಡಿಯಾ. ನೀವಾದರೂ ಶೇರ್ ಮಾಡಿ.' ಕೆಳಗೆ ಅರ್ಧ ನಿಮಿಷದ ವಿಡಿಯೊ, ಲಾಠಿ, ಓಟ, ಕಿರುಚಾಟ. ಸಿಕ್ಕಿತಾ? ನಗುತ್ತಿದ್ದೀರಿ ಅಂದರೆ ಸಿಕ್ಕಿದೆ ಅಂತ ಅರ್ಥ.

ಈ ಮೆಸೇಜ್ ನಿಜವೋ ಸುಳ್ಳೋ ಅಂತ ನೋಡೋದು ಕೆಲವು ವರ್ಷಗಳಿಂದ ನನ್ನ ಕೆಲಸದ ಒಂದು ಭಾಗ. ಅದಕ್ಕೂ ಮೊದಲು ಜಿಲ್ಲೆಯೊಂದರಲ್ಲಿ ವರದಿಗಾರನಾಗಿದ್ದೆ, ಆಮೇಲೆ ಸುದ್ದಿ ತಿದ್ದಿ ಪುಟಕ್ಕೆ ಹಾಕುವ ಡೆಸ್ಕಿನಲ್ಲಿ ಕೂತಿದ್ದೆ. ಅಂದರೆ ಬೈಸಿಕೊಳ್ಳುವ ಕಡೆಯೂ ಇದ್ದೆ, ಬೈದದ್ದು ಸರಿಯೇ ಅಂತ ಪರೀಕ್ಷಿಸುವ ಕಡೆಯೂ ಇದ್ದೇನೆ. ಇವತ್ತು ನಾನು ಮಾಡಿದ ಒಂದು ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ.

ಒಂದು ಜಿಲ್ಲಾ ಕೇಂದ್ರದಲ್ಲಿ ಪರೀಕ್ಷಾರ್ಥಿಗಳು ಜಿಲ್ಲಾಧಿಕಾರಿ ಕಚೇರಿ ಮುಂದೆ ಧರಣಿ ಕೂತಿದ್ದರು. ಮರುದಿನ ಮೇಲಿನಂಥದ್ದೇ ಮೆಸೇಜ್ ಹರಿದಾಡಿತು, 'ಒಂದು ಪತ್ರಿಕೆಯೂ ಬರೆಯಲಿಲ್ಲ' ಅಂತ. ನಾನು ಆ ಜಿಲ್ಲೆಯ ಪುಟಗಳನ್ನು ತೆರೆದೆ. ಒಂದು ಪತ್ರಿಕೆಯಲ್ಲಿ ಸಿಂಗಲ್ ಕಾಲಂ ಸುದ್ದಿ ಇತ್ತು. ಸ್ಕ್ರೀನ್‌ಶಾಟ್ ತೆಗೆದು, ಕೆಂಪು ಗೆರೆ ಎಳೆದು, ಮೇಲೆ ದೊಡ್ಡದಾಗಿ 'ಸುಳ್ಳು' ಅಂತ ಮುದ್ರೆ ಒತ್ತಿ ಪ್ರಕಟಿಸಿದೆವು. ಅರ್ಧ ಗಂಟೆಯ ಕೆಲಸ. ನನಗೆ ಖುಷಿಯೋ ಖುಷಿ.

ಅವತ್ತು ರಾತ್ರಿ ಧರಣಿಯಲ್ಲಿ ಕೂತಿದ್ದ ಒಬ್ಬ ಹುಡುಗಿ ನಮಗೆ ಬರೆದಳು. ಬೈದಿರಲಿಲ್ಲ. 'ಸರ್, ನೀವು ತೋರಿಸಿದ ಸುದ್ದಿಯನ್ನು ನೀವೇ ಒಂದು ಸಲ ಪೂರ್ತಿ ಓದಿ. ನಾವು ಯಾಕೆ ಕೂತಿದ್ದೆವು ಅಂತ ಅದರಲ್ಲಿ ಎಲ್ಲಿದೆ ಹೇಳಿ' ಅಂತಷ್ಟೇ ಕೇಳಿದ್ದಳು.

ಓದಿದೆ. ಹನ್ನೊಂದು ಸಾಲು. ವಿದ್ಯಾರ್ಥಿಗಳು 'ವಿವಿಧ ಬೇಡಿಕೆಗಳನ್ನು ಈಡೇರಿಸುವಂತೆ ಆಗ್ರಹಿಸಿ' ಪ್ರತಿಭಟನೆ ನಡೆಸಿದರು. ಘೋಷಣೆ ಕೂಗಿದರು. ಕೆಲ ಕಾಲ ಸಂಚಾರಕ್ಕೆ ಅಡ್ಡಿಯಾಯಿತು. ಅಧಿಕಾರಿಯ ಮೂಲಕ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಆಮೇಲೆ ನಾಲ್ಕು ಸಾಲು ಬರೀ ಹೆಸರು. ಕೊನೆಗೆ 'ಮುಂತಾದವರು ಇದ್ದರು'. ಆ 'ಮುಂತಾದವರು ಇದ್ದರು' ಅನ್ನುವುದನ್ನು ನಾನೇ ಎಷ್ಟು ಸಾವಿರ ಸಲ ಬರೆದಿದ್ದೇನೋ! ಆದರೆ 'ವಿವಿಧ ಬೇಡಿಕೆ' ಅಂದರೆ ಏನು? ಪ್ರಶ್ನೆಪತ್ರಿಕೆಯಲ್ಲಿ ಏನು ತಪ್ಪಾಗಿತ್ತು? ಎಷ್ಟು ಜನರಿಗೆ ಅದರಿಂದ ನಷ್ಟ? ಒಂದಕ್ಷರ ಇಲ್ಲ.

ನಾವು ಹಾಕಿದ್ದ 'ಸುಳ್ಳು' ಮುದ್ರೆ ಅಕ್ಷರಕ್ಕೆ ಸರಿ ಇತ್ತು. ಆ ಹುಡುಗಿಯ ಮಾತೂ ಸರಿ ಇತ್ತು. ಇವೆರಡೂ ಒಟ್ಟಿಗೆ ಹೇಗೆ ಸರಿಯಾಗುತ್ತವೆ ಅಂತ ಯೋಚಿಸುತ್ತಾ ಹೋದ ಮೇಲೆ ನಾನು ಈ ಕೆಲಸ ಮಾಡುವ ರೀತಿಯೇ ಬದಲಾಯಿತು. ಅದನ್ನೇ ಹೇಳೋಕೆ ಬಂದಿದ್ದೇನೆ.

ಈಗ ಮತ್ತೆ ಆ ಮೆಸೇಜಿಗೆ ಬರೋಣ. ನೋಡೋಕೆ ಅದು ಒಂದೇ ದೂರು. ಬಿಡಿಸಿದರೆ ಒಳಗೆ ನಾಲ್ಕು ಮಾತಿವೆ. ಸಾವಿರಾರು ಜನ ಸೇರಿದ್ದರು ಅನ್ನೋದು ಒಂದು. ಈ ವಿಡಿಯೊ ಆ ಪ್ರತಿಭಟನೆಯದ್ದೇ ಅನ್ನೋದು ಇನ್ನೊಂದು. ಯಾರೂ ತೋರಿಸಲಿಲ್ಲ ಅನ್ನೋದು ಮೂರನೆಯದು. ದುಡ್ಡಿಗೋ ಭಯಕ್ಕೋ ಬಿದ್ದು ತೋರಿಸಲಿಲ್ಲ ಅನ್ನೋದು ನಾಲ್ಕನೆಯದು. ಒಂದು ಸುಳ್ಳಾದ ಮಾತ್ರಕ್ಕೆ ಇನ್ನೊಂದು ಸುಳ್ಳಾಗಬೇಕಿಲ್ಲ. ಎಷ್ಟೋ ಸಲ ಪ್ರತಿಭಟನೆ ನಿಜ, ವಿಡಿಯೊ ಮಾತ್ರ ಎಲ್ಲಿಯದೋ. ಆಗ ವಿಡಿಯೊ ಸುಳ್ಳು ಅಂತ ಬರೆದರೆ, ಓದಿದವರು ಪ್ರತಿಭಟನೆಯೇ ಸುಳ್ಳು ಅಂದುಕೊಳ್ಳುತ್ತಾರೆ. ವಿದ್ಯಾರ್ಥಿಗಳಿಗೆ ಎರಡನೇ ಸಲ ಅನ್ಯಾಯ.

ವಿಡಿಯೊ ಪರೀಕ್ಷೆ ಸುಲಭದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಒಂದೆರಡು ಚೌಕಟ್ಟು ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ದೃಶ್ಯ ಮೊದಲು ಯಾವಾಗ ಬಂದಿತ್ತು ಅಂತ ಹಲವು ಸಲ ಅಲ್ಲೇ ಗೊತ್ತಾಗುತ್ತದೆ. ಸಿಗದಿದ್ದರೆ ಕಣ್ಣು ಉಪಯೋಗಿಸಿ. ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ, ಹಿಂದೆ ಹೋಗುವ ಬಸ್ಸಿನ ಬಣ್ಣ ಯಾವುದು. ಪೊಲೀಸರ ತಲೆ ನೋಡಿ. ನಮ್ಮ ಕಾನ್‌ಸ್ಟೆಬಲ್‌ಗಳಿಗೆ ಒಂದು ಬದಿ ಮಡಚಿದ ಟೋಪಿ ದಶಕಗಳ ಕಾಲ ಇತ್ತಲ್ಲ, ಉತ್ತರ ಭಾರತದ ವಿಡಿಯೊ ಹಿಡಿಯೋಕೆ ಅದು ನನಗೆ ಬಹಳ ಸಲ ಕೈಗೆ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಅದನ್ನು ಬದಲಾಯಿಸಿ ಪೀಕ್ ಕ್ಯಾಪ್ ಕೊಟ್ಟರು. ಹಾಗಾಗಿ ಈಗ ಟೋಪಿ ಊರಿನ ಜೊತೆಗೆ ಕಾಲವನ್ನೂ ಹೇಳುತ್ತದೆ. ಎಲ್ಲರೂ ಹೆಲ್ಮೆಟ್ ಹಾಕಿದ್ದರೆ ಮಾತ್ರ ಬೇರೆ ದಾರಿ ಹುಡುಕಬೇಕು.

ಕಷ್ಟ ಇರೋದು 'ಒಂದೇ ಒಂದು' ಅನ್ನುವ ಮಾತಿನಲ್ಲಿ. ಏನೋ ಇದೆ ಅಂತ ತೋರಿಸೋಕೆ ಒಂದು ಉದಾಹರಣೆ ಸಾಕು. ಎಲ್ಲೂ ಇಲ್ಲ ಅಂತ ತೋರಿಸೋಕೆ ಎಲ್ಲವನ್ನೂ ನೋಡಿರಬೇಕು. ಮೆಸೇಜ್ ಬರೆದವನು ಎಲ್ಲವನ್ನೂ ನೋಡಿರುವುದಿಲ್ಲ, ಅವನು ನೋಡಿರೋದು ಅವನ ಫೋನು. ಸರಿ, ನಾವು ಏನು ನೋಡಿರುತ್ತೇವೆ? ನಿಜ ಹೇಳಬೇಕೆಂದರೆ ನಾವೂ ಗೂಗಲ್‌ನಲ್ಲಿ ಒಂದು ಸಲ ಹುಡುಕಿರುತ್ತೇವೆ, ಅಷ್ಟೇ.

ಕನ್ನಡದಲ್ಲಿ ಹುಡುಕೋದು ಎಷ್ಟು ತಾಪತ್ರಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. 'ಕೆಪಿಎಸ್‌ಸಿ' ಅಂತ ಒಬ್ಬರು ಬರೆಯುತ್ತಾರೆ, 'ಕೆಪಿಎಸ್ಸಿ' ಅಂತ ಇನ್ನೊಬ್ಬರು. ಕಣ್ಣಿಗೆ ಎರಡೂ ಒಂದೇ ಹೆಸರು, ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ಮತ್ತೊಬ್ಬರು 'ಲೋಕಸೇವಾ ಆಯೋಗ' ಅನ್ನುತ್ತಾರೆ. ಪರೀಕ್ಷೆಯ ಹೆಸರು ಜನರ ಬಾಯಲ್ಲಿ 'ಕೆಎಎಸ್', ಅಧಿಸೂಚನೆಯಲ್ಲಿ 'ಗೆಜೆಟೆಡ್ ಪ್ರೊಬೇಷನರಿ'. ಪ್ರತಿಭಟನೆಯ ಜಾಗ ಒಂದು ಕಡೆ 'ಫ್ರೀಡಂ ಪಾರ್ಕ್', ಇನ್ನೊಂದು ಕಡೆ 'ಫ್ರೀಡಮ್ ಪಾರ್ಕ್', ಮತ್ತೊಂದು ಪತ್ರಿಕೆಯಲ್ಲಿ 'ಸ್ವಾತಂತ್ರ್ಯ ಉದ್ಯಾನ'. ನೀವು ಒಂದೇ ರೂಪ ಹಾಕಿ ಹುಡುಕಿ 'ಏನೂ ಸಿಗಲಿಲ್ಲ' ಅಂದರೆ, ಸುದ್ದಿ ಇರಲಿಲ್ಲ ಅಂತಲ್ಲ, ನಿಮ್ಮ ಕಾಗುಣಿತದಲ್ಲಿ ಇರಲಿಲ್ಲ ಅಂತ ಅಷ್ಟೇ. ಹಾಗಾಗಿ ಎಲ್ಲ ರೂಪಗಳನ್ನೂ ಬರೆದುಕೊಂಡು ಒಂದೊಂದಾಗಿ ಹಾಕಿ. ಗೂಗಲ್‌ನಲ್ಲಿ ಟೂಲ್ಸ್ ಒತ್ತಿ ತಾರೀಖು ಕಟ್ಟಿಹಾಕಿ. ಪ್ರತಿಭಟನೆಯ ದಿನ, ಮರುದಿನ, ಅದರ ಮರುದಿನ. ಇಷ್ಟು ಮಾಡಿದರೂ ಇ-ಪೇಪರ್‌ಗಳು ಉಳಿದುಬಿಡುತ್ತವೆ. ಎಷ್ಟೋ ಇ-ಪೇಪರ್ ಪುಟಗಳು ಬರೀ ಚಿತ್ರಗಳು. ಅದರೊಳಗಿನ ಅಕ್ಷರ ಗೂಗಲ್ ಕಣ್ಣಿಗೆ ಬೀಳೋದಿಲ್ಲ. ನಾವೇ ಪುಟ ತಿರುಗಿಸಬೇಕು, ಬೇರೆ ದಾರಿ ಇಲ್ಲ.

ಪುಟ ತಿರುಗಿಸುವಾಗ ಇನ್ನೊಂದು ವಿಷಯ. ನಮ್ಮ ದೊಡ್ಡ ಪತ್ರಿಕೆಗಳು ಒಂದೇ ಪತ್ರಿಕೆಯಲ್ಲ, ಹಲವು ಪತ್ರಿಕೆ. ಹುಬ್ಬಳ್ಳಿ ಆವೃತ್ತಿ ಬೇರೆ, ಕಲಬುರಗಿಯದು ಬೇರೆ, ಮೈಸೂರಿನದು ಬೇರೆ. ಒಳಗಿನ ಜಿಲ್ಲಾ ಪುಟಗಳಂತೂ ಪಕ್ಕದ ಜಿಲ್ಲೆಗೇ ಕಾಣೋದಿಲ್ಲ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದುವ ಹುಡುಗರು ರಾಜ್ಯದ ಎಲ್ಲ ಕಡೆಯಿಂದ ಬಂದವರು. ಅವರು ಅಲ್ಲಿ ಮೆರವಣಿಗೆ ಮಾಡಿದರೆ ಧಾರವಾಡದ ಪುಟದಲ್ಲಿ ಐದು ಕಾಲಂ ಸುದ್ದಿ ಬರಬಹುದು. ಆದರೆ ಅವರಲ್ಲೊಬ್ಬನ ಅಪ್ಪ ರಾಯಚೂರಿನಲ್ಲಿ ಅದೇ ಪತ್ರಿಕೆಯನ್ನು ಬೆಳಗ್ಗೆ ಓದುತ್ತಾನೆ, ಅದರಲ್ಲಿ ಏನೂ ಇಲ್ಲ. 'ಪೇಪರಿನಲ್ಲಿ ಬಂದಿದೆ ಅಪ್ಪಾ' ಅಂತ ಮಗ, 'ನಾನು ಪೂರ್ತಿ ಓದಿದೆ, ಇಲ್ಲ ಕಣೋ' ಅಂತ ಅಪ್ಪ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಅದಕ್ಕೇ ನಾನು ಈಗ 'ಬಂದಿದೆಯಾ' ಅಂತ ಕೇಳೋದನ್ನು ಕಡಿಮೆ ಮಾಡಿದ್ದೇನೆ. ಎಲ್ಲಿ ಬಂತು, ಯಾವಾಗ ಬಂತು, ಎಷ್ಟು ಬಂತು, ಏನಂತ ಬಂತು ಅಂತ ಕೇಳುತ್ತೇನೆ.

ಟಿವಿ ವಿಚಾರ ಇನ್ನೂ ಫಜೀತಿ. ಚಾನೆಲ್‌ನವರು 20 ಸೆಕೆಂಡ್ ಸ್ಪೀಡ್ ನ್ಯೂಸ್‌ನಲ್ಲಿ ತೋರಿಸಿರಬಹುದು, ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಓಡಿಸಿರಬಹುದು. ಅದು ಗಾಳಿಗೆ ಹೋಯಿತು. ಯೂಟ್ಯೂಬ್‌ನಲ್ಲಿ ಹುಡುಕಿದರೆ ಪ್ರತ್ಯೇಕ ಕ್ಲಿಪ್ ಮಾಡಿದ್ದರೆ ಮಾತ್ರ ಸಿಗುತ್ತದೆ. ದಿಲ್ಲಿಯಲ್ಲಿ ಕೇಂದ್ರ ವಾರ್ತಾ ಇಲಾಖೆಯ ಎಲೆಕ್ಟ್ರಾನಿಕ್ ಮೀಡಿಯಾ ಮಾನಿಟರಿಂಗ್ ಸೆಂಟರ್ ಅಂತ ಒಂದಿದೆ. 2008ರಿಂದ ಚಾನೆಲ್‌ಗಳನ್ನು ದಿನವಿಡೀ ರೆಕಾರ್ಡ್ ಮಾಡುವ ಕೆಲಸ ಅದರದ್ದು. ಆದರೆ ಅದು ಇರೋದು ಚಾನೆಲ್‌ಗಳು ನಿಯಮ ಮುರಿದವೇ ಅಂತ ನೋಡೋಕೆ, ನಮ್ಮ ನಿಮ್ಮ ಅನುಮಾನ ತೀರಿಸೋಕಲ್ಲ. ಹಾಗಾಗಿ ಒಂದು ಚಾನೆಲ್ ಒಂದು ದಿನ ಒಂದು ಸುದ್ದಿಯನ್ನು ತೋರಿಸಲೇ ಇಲ್ಲ ಅಂತ ಆಮೇಲೆ ಕೂತು ಸಾಬೀತು ಮಾಡೋದು ನಮ್ಮಂಥವರಿಗೆ ಆಗದ ಮಾತು. ಆಗೋದು ಬೇರೊಂದು. ನಾಲ್ಕು ಚಾನೆಲ್ ಆರಿಸಿಕೊಳ್ಳಿ. ರಾತ್ರಿ 8ರಿಂದ 10. ನಾಲ್ಕು ಜನ ಸ್ನೇಹಿತರು, ಒಬ್ಬೊಬ್ಬರಿಗೆ ಒಂದು ಚಾನೆಲ್, ಕೈಯಲ್ಲಿ ಫೋನಿನ ಸ್ಟಾಪ್‌ವಾಚ್. ಯಾವ ವಿಷಯಕ್ಕೆ ಎಷ್ಟು ನಿಮಿಷ ಅಂತ ಮೂರು ರಾತ್ರಿ ಬರೆದುಕೊಳ್ಳಿ. ಬೋರ್ ಹೊಡೆಯುತ್ತದೆ, ಗ್ಯಾರಂಟಿ. ಆದರೆ ಆಮೇಲೆ ನೀವು ಬರೆಯುವ ವಾಕ್ಯಕ್ಕೆ ಕಾಲು ಇರುತ್ತದೆ: 'ಈ ನಾಲ್ಕು ಚಾನೆಲ್‌ಗಳಲ್ಲಿ, ಈ ಮೂರು ರಾತ್ರಿ, ಇಷ್ಟು ನಿಮಿಷ.' ಅದನ್ನು ಯಾರೂ ಅಲ್ಲಾಡಿಸೋಕೆ ಆಗಲ್ಲ.

ಈಗ 'ಯಾವಾಗ' ಅನ್ನುವ ಪ್ರಶ್ನೆ. ಇದಕ್ಕೆ 2024ರ ನೀಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪರೀಕ್ಷೆ ನಡೆದದ್ದು ಮೇ 5ಕ್ಕೆ. ಫಲಿತಾಂಶ ಜೂನ್ 14ಕ್ಕೆ ಅಂತ ಹೇಳಿದ್ದರು. ಬಂದದ್ದು ಜೂನ್ 4ಕ್ಕೆ. ಜೂನ್ 4 ಅಂದರೆ ನಿಮಗೆ ನೆನಪಿರಬೇಕಲ್ಲ, ಲೋಕಸಭಾ ಚುನಾವಣೆಯ ಮತ ಎಣಿಕೆ. ದೇಶದ ಒಂದೊಂದು ಸ್ಟುಡಿಯೊದಲ್ಲೂ ಯಾರಿಗೆ ಎಷ್ಟು ಸೀಟು ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಆ ಕಡೆ 67 ಮಕ್ಕಳಿಗೆ 720ಕ್ಕೆ 720. ಕೆಲವರಿಗೆ 718, 719. ನೀಟ್‌ನಲ್ಲಿ ಒಂದು ಪ್ರಶ್ನೆಗೆ 4 ಅಂಕ, ತಪ್ಪಾದರೆ 1 ಕಡಿತ. ಒಂದು ಪ್ರಶ್ನೆ ಬಿಟ್ಟರೆ 716, ತಪ್ಪು ಮಾಡಿದರೆ 715. ಹಾಗಿದ್ದರೆ 719 ಎಲ್ಲಿಂದ ಬಂತು? ಮಕ್ಕಳು ಆ ರಾತ್ರಿಯೇ ಈ ಲೆಕ್ಕ ಹಾಕಿ ಕೇಳತೊಡಗಿದ್ದರು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾವ ಸ್ಟುಡಿಯೊವೂ ಇರಲಿಲ್ಲ. 'ಮೀಡಿಯಾ ಮೌನ' ಅನ್ನುವ ಮಾತು ಹುಟ್ಟಿದ್ದು ಆ ಕೆಲವು ದಿನಗಳಲ್ಲಿ.

ಆಮೇಲೆ ಏನಾಯಿತು? ಜೂನ್ 8ಕ್ಕೆ ಪರೀಕ್ಷೆ ನಡೆಸುವ ಎನ್‌ಟಿಎ ಪತ್ರಿಕಾಗೋಷ್ಠಿ ಕರೆಯಬೇಕಾಯಿತು. ಆ 718, 719 ಬಂದದ್ದು ಕೃಪಾಂಕದಿಂದ. 1,563 ಮಂದಿಗೆ ಹಾಗೆ ಕೃಪಾಂಕ ಕೊಟ್ಟದ್ದನ್ನು ಜೂನ್ 13ಕ್ಕೆ ಸುಪ್ರೀಂ ಕೋರ್ಟಿನ ಮುಂದೆ ಹಿಂದಕ್ಕೆ ಪಡೆದರು. 23ಕ್ಕೆ ಅವರಿಗೆ ಮರುಪರೀಕ್ಷೆ. ಅದರ ಹಿಂದಿನ ದಿನ ಎನ್‌ಟಿಎ ಮುಖ್ಯಸ್ಥರನ್ನೇ ಎತ್ತಂಗಡಿ ಮಾಡಿದರು. ಅಷ್ಟು ಹೊತ್ತಿಗೆ ಮುಖಪುಟಗಳಲ್ಲಿ ನೀಟ್ ಬಿಟ್ಟರೆ ಬೇರೆ ಇರಲಿಲ್ಲ ಅನ್ನಿ. ಈಗ ನೀವೇ ಹೇಳಿ. 'ನೀಟ್ ಅಕ್ರಮವನ್ನು ಮೀಡಿಯಾ ತೋರಿಸಲಿಲ್ಲ' ಅನ್ನುವ ಮೆಸೇಜು ಜೂನ್ 5ಕ್ಕೆ ಬರೆದದ್ದಾದರೆ ಒಂದು ತೂಕ. ಅದೇ ಮೆಸೇಜು ಜೂನ್ 25ಕ್ಕೆ ಫಾರ್ವರ್ಡ್ ಆಗಿ ಬಂದರೆ ಇನ್ನೊಂದು ತೂಕ. ಅಕ್ಷರ ಒಂದೂ ಬದಲಾಗಿಲ್ಲ. ಫಾರ್ವರ್ಡ್ ಮಾಡುವಾಗ ಮೊದಲು ಬರೆದ ತಾರೀಖು ಉದುರಿ ಹೋಗುತ್ತದೆ, ಅದೇ ತೊಂದರೆ. ಆ ತಾರೀಖನ್ನು ಹುಡುಕಿ ವಾಪಸ್ ಅಂಟಿಸುವುದು ನಮ್ಮ ಕೆಲಸದಲ್ಲಿ ಅರ್ಧ ಪಾಲು.

ಸುದ್ದಿ ತಡವಾಗಿಯಾದರೂ ಬರುವಂತೆ ಮಾಡೋದು ಏನು ಅನ್ನೋದನ್ನು ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ. 2022ರ ಜನವರಿ ನೆನಪಿಸಿಕೊಳ್ಳಿ. ರೈಲ್ವೆಯ ಎನ್‌ಟಿಪಿಸಿ ಪರೀಕ್ಷೆ, ಅಂದರೆ ತಾಂತ್ರಿಕವಲ್ಲದ ಹುದ್ದೆಗಳದ್ದು. 35 ಸಾವಿರ ಚಿಲ್ಲರೆ ಹುದ್ದೆ, ಒಂದು ಕೋಟಿಗೂ ಹೆಚ್ಚು ಅರ್ಜಿ. ಜನವರಿ ಮಧ್ಯದಲ್ಲಿ ಫಲಿತಾಂಶ ಬಂತು. ಹುಡುಗರ ತಕರಾರು ಏನಿತ್ತು ಅಂದರೆ, ಒಬ್ಬನೇ ಅಭ್ಯರ್ಥಿಯನ್ನು ಬೇರೆ ಬೇರೆ ಹಂತದ ಹುದ್ದೆಗಳಿಗೆ ಹಲವು ಸಲ ಎಣಿಸಿದ್ದಾರೆ, ಹಾಗಾಗಿ ಪಟ್ಟಿ ಉದ್ದ ಕಾಣುತ್ತದೆ, ಒಳಗಿರುವ ಮನುಷ್ಯರು ಕಡಿಮೆ ಅಂತ. ಮೊದಲು ಆನ್‌ಲೈನ್‌ನಲ್ಲಿ ಹ್ಯಾಷ್‌ಟ್ಯಾಗ್ ಹಾಕಿ ಕೂಗಿದರು. 24ಕ್ಕೆ ಪಟ್ನಾದಲ್ಲಿ ಹಳಿ ಮೇಲೆ ಕೂತರು. 26ಕ್ಕೆ ಗಯಾದಲ್ಲಿ ರೈಲಿನ ಬೋಗಿಗೆ ಬೆಂಕಿ ಬಿತ್ತು. ಅವತ್ತು ದೇಶದ ಎಲ್ಲ ಪರದೆಗಳ ಮೇಲೂ ಆ ಬೋಗಿ. ಅದೇ ದಿನ ರೈಲ್ವೆ ಮುಂದಿನ ಪರೀಕ್ಷೆ ತಡೆದು ಸಮಿತಿ ಮಾಡಿತು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ. ಆದರೆ 'ಮೀಡಿಯಾ ತೋರಿಸಲಿಲ್ಲ' ಅನ್ನೋದನ್ನು ಪರೀಕ್ಷಿಸುವಾಗ ಬೆಂಕಿಗೆ ಮೊದಲು ಎಷ್ಟು, ಆಮೇಲೆ ಎಷ್ಟು ಅಂತ ಎರಡು ಡಬ್ಬಿ ಮಾಡದೆ ಒಟ್ಟು ಲೆಕ್ಕ ಹಾಕಿದರೆ, 'ಭರಪೂರ ತೋರಿಸಿದ್ದಾರೆ' ಅನ್ನುವ ಉತ್ತರ ಬರುತ್ತದೆ. ಆ ಉತ್ತರ ಹುಡುಗರಿಗೆ ಅವಮಾನ ಮಾಡಿದ ಹಾಗೆ.

ಯಾಕೆ ಹೀಗಾಗುತ್ತದೆ? ಎಲ್ಲ ಸಲವೂ ಪಿತೂರಿ ಅಂತ ನನಗೆ ಅನ್ನಿಸೋದಿಲ್ಲ. ಪರೀಕ್ಷೆಯ ತಕರಾರು ಟಿವಿಗೆ ಒಗ್ಗದ ಸುದ್ದಿ. 2024ರ ನವೆಂಬರ್ 11ಕ್ಕೆ ಪ್ರಯಾಗ್‌ರಾಜ್‌ನಲ್ಲಿ ಉತ್ತರ ಪ್ರದೇಶ ಲೋಕಸೇವಾ ಆಯೋಗದ ಮುಂದೆ ಸಾವಿರಾರು ಅಭ್ಯರ್ಥಿಗಳು ಕೂತರು. ವಿರೋಧ ಯಾವುದಕ್ಕೆ? 'ನಾರ್ಮಲೈಸೇಷನ್'ಗೆ. ಒಂದೇ ಪರೀಕ್ಷೆಯನ್ನು ಎರಡು ದಿನ, ಬೇರೆ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಮಾಡಿದರೆ, ಒಂದು ಸುಲಭ ಇರುತ್ತದೆ, ಒಂದು ಕಷ್ಟ. ಆಗ ಅಂಕಗಳನ್ನು ಒಂದು ಸೂತ್ರ ಹಾಕಿ ಸರಿದೂಗಿಸುತ್ತಾರೆ. ನನಗೆ ಬಂದ ಅಂಕವೇ ಬೇರೆ, ಪಟ್ಟಿಯಲ್ಲಿ ಕಾಣುವ ಅಂಕವೇ ಬೇರೆ. ಒಂದೇ ದಿನ, ಒಂದೇ ಪತ್ರಿಕೆ ಕೊಡಿ, ಈ ಸೂತ್ರವೇ ಬೇಡ ಅಂತ ಅವರ ಬೇಡಿಕೆ. ನಾಲ್ಕನೇ ದಿನ ಆಯೋಗ ಬಗ್ಗಿತು, ಪಿಸಿಎಸ್, ಅಂದರೆ ಅಲ್ಲಿನ ಕೆಎಎಸ್, ಅದರ ಪೂರ್ವಭಾವಿ ಪರೀಕ್ಷೆಯನ್ನು ಒಂದೇ ದಿನ ಮಾಡುತ್ತೇವೆ ಅಂತ ಒಪ್ಪಿತು. ಇದನ್ನು ನಾನು ಈಗ ನಿಮಗೆ ಹೇಳೋಕೆ ಒಂದು ನಿಮಿಷ ತೆಗೆದುಕೊಂಡೆ, ಅದೂ ನೀವು ಈ ವಿಷಯ ಗೊತ್ತಿರುವವರು. ಸ್ಥಳದಲ್ಲಿರುವ ವರದಿಗಾರನಿಗೆ ಸಿಗೋದು 40 ಸೆಕೆಂಡು. ಅವನು ಬ್ಯಾರಿಕೇಡ್ ತೋರಿಸುತ್ತಾನೆ. ಬ್ಯಾರಿಕೇಡ್‌ಗೆ ವಿವರಣೆ ಬೇಕಿಲ್ಲ.

ನಮ್ಮಲ್ಲಿಗೆ ಬರೋಣ. ಕೆಪಿಎಸ್‌ಸಿ ವಿಷಯ ತೆಗೆಯದಿದ್ದರೆ ಇಲ್ಲಿರುವ ಅರ್ಧ ಜನ ನನ್ನನ್ನು ಹೊರಗೆ ಬಿಡೋದಿಲ್ಲ. ಕೆಎಎಸ್‌ನ 384 ಹುದ್ದೆ. 2024ರ ಆಗಸ್ಟ್ 27, ಮಂಗಳವಾರ, ಪೂರ್ವಭಾವಿ ಪರೀಕ್ಷೆ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಮಾಡಿದ ಅನುವಾದದಲ್ಲಿ ತಪ್ಪುಗಳ ಮೇಲೆ ತಪ್ಪು. ಒಂದೇ ವಾರದಲ್ಲಿ, ಸೆಪ್ಟೆಂಬರ್ 2ಕ್ಕೆ, ಮುಖ್ಯಮಂತ್ರಿ ಸಿದ್ದರಾಮಯ್ಯ ಮರುಪರೀಕ್ಷೆ ಅಂತ ಘೋಷಿಸಿದರು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಮತ್ತೆ ಅದೇ ದೂರು! ಮತ್ತೆ ಬೀದಿ.

ಇದನ್ನು ಮೀಡಿಯಾ ಮುಚ್ಚಿಟ್ಟಿತು ಅಂದರೆ ಅದು ಸುಳ್ಳೇ. ಕನ್ನಡ ಪತ್ರಿಕೆಗಳು ಬರೆದವು, ಚಾನೆಲ್‌ಗಳು ತೋರಿಸಿದವು, ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳಲ್ಲೂ ಬಂತು. ಸದ್ದಾಗದೆ ಒಂದು ವಾರದಲ್ಲಿ ಸರ್ಕಾರ ಮರುಪರೀಕ್ಷೆ ಕೊಡೋದಿಲ್ಲ. ಆದರೂ ಆ ದಿನಗಳಲ್ಲಿ ಅಭ್ಯರ್ಥಿಗಳ ಬಾಯಲ್ಲಿ 'ನಮ್ಮದನ್ನು ಯಾರೂ ಹೇಳುತ್ತಿಲ್ಲ' ಅನ್ನುವ ಮಾತು ಕೇಳಿದ್ದೇನೆ. ಒಬ್ಬ ಹುಡುಗನನ್ನು ಕೂರಿಸಿಕೊಂಡು, ಯಾರೂ ಹೇಳದೇ ಇರೋದು ಯಾವುದಪ್ಪಾ ಅಂತ ಕೇಳಿದೆ. ಅವನು ಜೇಬಿನಿಂದ ಪೆನ್ನು ತೆಗೆದು ಅಲ್ಲೇ ಲೆಕ್ಕ ಹಾಕಿದ. ನೂರು ಪ್ರಶ್ನೆ, ಎರಡು ಗಂಟೆ. ಒಂದು ಪ್ರಶ್ನೆಗೆ 72 ಸೆಕೆಂಡ್. ಕನ್ನಡ ಓದುತ್ತೇನೆ, ಅರ್ಥವಾಗಲ್ಲ. ಎರಡನೇ ಸಲ ಓದುತ್ತೇನೆ. ಆಮೇಲೆ ಇಂಗ್ಲಿಷ್ ಕಡೆ ಹೋಗುತ್ತೇನೆ, ಅದು ನನಗೆ ನಿಧಾನ. ವಾಪಸ್ ಕನ್ನಡದ ಆಯ್ಕೆಗಳಿಗೆ ಬರುತ್ತೇನೆ. 72 ಸೆಕೆಂಡ್ ಯಾವಾಗಲೋ ಮುಗಿದಿರುತ್ತದೆ. ತಪ್ಪಾದರೆ ಕಾಲು ಭಾಗ ಅಂಕ ಕಡಿತ ಬೇರೆ. 'ಸರ್, ತಪ್ಪು ಪ್ರಶ್ನೆಗೆ ಆಮೇಲೆ ಗ್ರೇಸ್ ಮಾರ್ಕ್ಸ್ ಕೊಡ್ತಾರೆ ಅಂತಲೇ ಇಟ್ಕೊಳ್ಳಿ. ಅದರ ಮೇಲೆ ಹೋದ ನಿಮಿಷ ಯಾರು ಕೊಡ್ತಾರೆ?'

ಆ ನಿಮಿಷದ ಲೆಕ್ಕ ನಾನು ಓದಿದ ವರದಿಗಳಲ್ಲಿ ಇರಲಿಲ್ಲ. ಇದ್ದದ್ದು ಎಷ್ಟು ತಪ್ಪು ಅನ್ನುವ ಲೆಕ್ಕ, ಯಾವ ಪಕ್ಷ ಏನು ಹೇಳಿತು ಅನ್ನುವ ಲೆಕ್ಕ, ನಗು ತರಿಸುವ ಒಂದೆರಡು ಅನುವಾದದ ಉದಾಹರಣೆ. ಅಂದರೆ ಪ್ರತಿಭಟನೆ ಸುದ್ದಿಯಾಗಿತ್ತು, ತಕರಾರು ಪೂರ್ತಿ ಸುದ್ದಿಯಾಗಿರಲಿಲ್ಲ. 'ತೋರಿಸಲಿಲ್ಲ' ಅಂತ ಹುಡುಗರು ಹೇಳೋದು ಬಹುಪಾಲು ಇದನ್ನೇ. ಅವರು ಬಳಸುವ ಪದ ತಪ್ಪು, ಹೊಟ್ಟೆಯಲ್ಲಿರುವ ಸಂಕಟ ತಪ್ಪಲ್ಲ.

ಜಾಗದ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ಈಗ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್. ಹಳೆಯ ಸೆಂಟ್ರಲ್ ಜೈಲಿನ ಜಾಗ. 2021ರ ಆದೇಶದ ಮೇಲೆ ಬೇರೆ ಕಡೆ ಧರಣಿ, ಮೆರವಣಿಗೆಗೆ ಅವಕಾಶ ಇಲ್ಲ. ಟ್ರಾಫಿಕ್‌ಗೆ ಒಳ್ಳೆಯದೇ ಇರಬಹುದು. ಆದರೆ ಡೆಸ್ಕಿನಲ್ಲಿ ಕೂತವನಿಗೆ ಏನಾಗುತ್ತದೆ ಗೊತ್ತಾ? ಒಂದೇ ದಿನ ಅಲ್ಲಿಂದ ಹಲವು ಪ್ರತಿಭಟನೆಯ ಫೋಟೊ ಬರುತ್ತವೆ. ಹಿಂದೆ ಅದೇ ಗೋಡೆ, ಅದೇ ಶಾಮಿಯಾನ, ಕೈಯಲ್ಲಿ ಬ್ಯಾನರ್. ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ಕೆಎಎಸ್ ಅಭ್ಯರ್ಥಿಗಳು. ಎಲ್ಲ ಸೇರಿಸಿ ಒಂದು ಫೋಟೊ, ಕೆಳಗೆ ಎರಡು ಸಾಲು. ನಾನೇ ಹಾಗೆ ಕತ್ತರಿಸಿದ್ದೇನೆ.

'ಮಾರಿಕೊಂಡ ಮೀಡಿಯಾ' ಅನ್ನುವ ನಾಲ್ಕನೇ ಮಾತಿಗೆ ನನ್ನ ಹತ್ತಿರ ಜಾಸ್ತಿ ಇಲ್ಲ. ಉದ್ದೇಶವನ್ನು ಫ್ಯಾಕ್ಟ್‌ಚೆಕ್ ಮಾಡೋಕೆ ಬರೋದಿಲ್ಲ. ಸರ್ಕಾರಿ ಜಾಹೀರಾತು ಪತ್ರಿಕೆಗಳ ಹೊಟ್ಟೆಪಾಡು ಅನ್ನೋದು ನಿಜ, ಅದನ್ನು ಯಾರೂ ಮುಚ್ಚಿಡಬೇಕಿಲ್ಲ. ಆದರೆ ಇಂಥ ದಿನ ಇಂಥ ಸುದ್ದಿ ಅದಕ್ಕೇ ಬಿದ್ದುಹೋಯಿತು ಅಂತ ಹೇಳೋಕೆ ಒಳಗಿನ ಕಾಗದವೋ, ಹೆಸರು ಹಾಕಿ ಮಾತಾಡುವ ಮನುಷ್ಯನೋ ಬೇಕು. ಅದಿಲ್ಲದಿದ್ದರೆ 'ಇದನ್ನು ಪರೀಕ್ಷಿಸಲು ಆಗಲಿಲ್ಲ' ಅಂತ ಬರೆದು ಮುಂದೆ ಹೋಗಬೇಕು. ಅನುಮಾನವನ್ನು ಅನುಮಾನ ಅಂತಲೇ ಬಿಡೋಕೆ ಧೈರ್ಯ ಬೇಕು ಕಣ್ರೀ.

ಜೊತೆಗೆ ನಮ್ಮ ಕಣ್ಣಿನ ಮೇಲೂ ಒಂದಿಷ್ಟು ಅನುಮಾನ ಇರಲಿ. 1985ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೂವರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. 1982ರ ಬೈರೂತ್ ಹತ್ಯಾಕಾಂಡದ ಅದೇ ಟಿವಿ ವರದಿಗಳನ್ನು ಇಸ್ರೇಲ್ ಪರ ಇರುವವರಿಗೂ ಅರಬ್ಬರ ಪರ ಇರುವವರಿಗೂ ತೋರಿಸಿದರು. ಇದು ನಮ್ಮ ವಿರುದ್ಧ ಇದೆ ಅಂತ ಎರಡೂ ಕಡೆಯವರು ಹೇಳಿದರು! ವಿಷಯ ಎಷ್ಟು ಹತ್ತಿರದ್ದೋ ಸುದ್ದಿ ಅಷ್ಟು ಕಡಿಮೆ ಅನ್ನಿಸುತ್ತದೆ. ನಾಲ್ಕು ವರ್ಷ ಓದಿದ ಹುಡುಗನಿಗೆ ನಾಲ್ಕು ಕಾಲಂ ಎಲ್ಲಿ ಸಾಕಾಗುತ್ತದೆ, ಅಲ್ವಾ?

ಈಗ ನಾನು ಹೇಗೆ ಬರೆಯುತ್ತೇನೆ ಅಂತ ಹೇಳಿ ಮುಗಿಸುತ್ತೇನೆ. ಇಂಥ ವಿಷಯಕ್ಕೆ ಕೆಂಪು ಮುದ್ರೆ ಬಿಟ್ಟುಬಿಟ್ಟಿದ್ದೇನೆ. ಬದಲಿಗೆ ಹೀಗೆ: 'ಯಾರೂ ವರದಿ ಮಾಡಲಿಲ್ಲ ಅನ್ನುವುದು ತಪ್ಪು. ಇಂಥ ದಿನ ಇಂಥ ಪತ್ರಿಕೆಗಳ ಇಂಥ ಆವೃತ್ತಿಯಲ್ಲಿ ಬಂದಿದೆ. ನಾವು ನೋಡಿದ ಎಂಟು ವರದಿಗಳಲ್ಲಿ ಬೇಡಿಕೆ ಏನೆಂದು ವಿವರಿಸಿದ್ದು ಎರಡು. ಆ ಬೇಡಿಕೆ ಇದು.' ಸಂಖ್ಯೆ ಆಯಾ ಸಲದ್ದು, ಇಲ್ಲಿ ಸುಮ್ನೆ ಹೇಳಿದೆ. ಕೊನೆಯ ವಾಕ್ಯ ಮಾತ್ರ ಬಿಡೋದಿಲ್ಲ. 'ಆ ಬೇಡಿಕೆ ಇದು' ಅಂತ ನಾಲ್ಕು ಸಾಲಿನಲ್ಲಿ ನಾವಾದರೂ ಬಿಡಿಸಿ ಹೇಳುತ್ತೇವೆ.

(ಮಾತು ಮುಗಿದ ಮೇಲೆ ಹಲವು ಪ್ರಶ್ನೆ ಬಂದವು. ಒಂದನ್ನು ಇಲ್ಲಿ ಸೇರಿಸುತ್ತಿದ್ದೇನೆ.)

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಕೇಳಿದಳು: 'ಸರ್, ನಾವು ಬರುವ ವಾರ ಮನವಿ ಕೊಡೋಕೆ ಹೋಗ್ತಿದ್ದೀವಿ. ಹನ್ನೊಂದು ಸಾಲಿಗಿಂತ ಜಾಸ್ತಿ ಬರೋ ಹಾಗೆ ಏನು ಮಾಡ್ಬೇಕು?'

ಮನವಿ ಪತ್ರವನ್ನು ವರದಿಗಾರರಿಗೆ ಕೊಡಬೇಡಮ್ಮ ಅಂದೆ. ಅದು 'ಮಾನ್ಯರೇ' ಅಂತ ಶುರುವಾಗುತ್ತದೆ, ಅವರು ಅಲ್ಲೇ ಮಡಚಿ ಇಟ್ಟುಕೊಳ್ಳುತ್ತಾರೆ. ಬೇರೆ ಒಂದು ಹಾಳೆ ಮಾಡು. ಒಂದೇ ಹಾಳೆ. ಎಡಗಡೆ ಇಂಗ್ಲಿಷ್ ಪ್ರಶ್ನೆ, ಬಲಗಡೆ ಅವರು ಕೊಟ್ಟ ಕನ್ನಡ, ಕೆಳಗೆ ಅದು ಹೇಗಿರಬೇಕಿತ್ತು ಅಂತ. ಪ್ರಶ್ನೆಪತ್ರಿಕೆಯ ಸರಣಿ, ಪ್ರಶ್ನೆ ಸಂಖ್ಯೆ ಹಾಕು. ಮೂರು ಪ್ರಶ್ನೆ ಸಾಕು, ಮೂವತ್ತು ಬೇಡ. ಆ 72 ಸೆಕೆಂಡಿನ ಲೆಕ್ಕ ಒಂದು ಸಾಲು. ಮಾತಾಡಲು ಸಿದ್ಧ ಇರುವ ಇಬ್ಬರ ಫೋನ್ ನಂಬರ್. ಮಧ್ಯಾಹ್ನದ ಒಳಗೇ ಕೊಡು. ಸಂಜೆ ಏಳಕ್ಕೆ ಕೊಟ್ಟರೆ ಡೆಸ್ಕಿನಲ್ಲಿ ಪುಟ ಕಟ್ಟುವ ಗಡಿಬಿಡಿ, ಯಾರೂ ನಿನ್ನ ಹಾಳೆ ಓದೋದಿಲ್ಲ.

ಅವಳು ಬರೆದುಕೊಂಡಳು. ಆಮೇಲೆ ತಲೆ ಎತ್ತಿ ಕೇಳಿದಳು: 'ಮತ್ತೆ ಹೆಸರುಗಳು, ಸರ್? ಯಾರ್ಯಾರು ಇದ್ವಿ ಅಂತ ಕೊಡೋದು ಬೇಡ್ವಾ?'